ಎರಿ ಸೀಮೆಯ ಹೊಸ ಫೋರ್ ಬೈ ಫೋರ್‌ಗೆ ಮೊದಲ ಖರ್ಚು ಯಾವುದು?

ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಫೋರ್ ಬೈ ಫೋರ್ ಗಾಡಿ, ಅಂದರೆ ಥಾರ್, ಜಿಮ್ನಿ ಅಥವಾ ಗೂರ್ಖಾ, ಮನೆಗೆ ಬಂದ ವಾರದೊಳಗೆ ಉಕ್ಕಿನ ಬಂಪರ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಹೂತ ಗಾಡಿಯನ್ನು ಎಳೆದುಕೊಳ್ಳುವ ವಿಂಚ್, ಲೈಟ್ ಬಾರ್ ಎಂದು ಉದ್ದನೆಯ ಪಟ್ಟಿ ಸಿದ್ಧವಾಗುತ್ತದೆ. ಅದರ ಬಹುಪಾಲು ರಾಜಸ್ಥಾನದ ಮರಳು, ಲಡಾಖಿನ ಕಲ್ಲು ತೋರಿಸುವ ವಿಡಿಯೊಗಳಿಂದ ಬಂದದ್ದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತ ಗಾಡಿ ಓಡಿಸುವವರ ಪಟ್ಟಿ ಇಲ್ಲಿಯ ನೆಲ ನೋಡಿ ಆಗಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಡೆ ಅಪ್ಪಟ ಎರಿ, ಅಂದರೆ ಕಪ್ಪು ಜೇಡಿ ಮಣ್ಣು. ಶಿರಹಟ್ಟಿ, ಮುಂಡರಗಿಯತ್ತ ಹೋದರೆ ಮಸಾರಿ (ಮರಳು ಬೆರೆತ ಕೆಂಪು ಮಣ್ಣು), ಗರಸು (ಸಣ್ಣ ಕಲ್ಲಿನ ಮಣ್ಣು), ಕಲ್ಲು. ಕಲಘಟಗಿ, ಅಳ್ನಾವರದ ಕಡೆ ಮಳೆಗಾಲವಿಡೀ ಜಾರುವ ಕೆಂಪು ಮಣ್ಣು. ಹಾನಗಲ್ಲಿನಲ್ಲಿ ಕೆರೆ, ಭತ್ತದ ಗದ್ದೆ. ಇವೆಲ್ಲದರಲ್ಲಿ ಹೊಸಬರನ್ನು ಹೆಚ್ಚು ಕಾಡುವುದು ಎರಿ.

ಎರಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹಸಿಯಿದ್ದಾಗ ಟೈರಿನ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡು ಹತ್ತು ಮಾರು ಹೋಗುವುದರೊಳಗೆ ಟೈರು ಬೋಳಾಗುತ್ತದೆ. ಹಟ ಹಿಡಿದು ಮುಂದೆ ಹೋದರೆ ಗಾಲಿಯ ಮೇಲಿನ ಗೂಡಿನೊಳಗೆ ರಾಡಿ ತುಂಬಿ ಗಾಲಿ ತಿರುಗುವುದೇ ಕಷ್ಟವಾಗುತ್ತದೆ. ಎಂಜಿನ್ ಶಕ್ತಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಾಡಿ ಭಾರವಾದಷ್ಟೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲ ವರ್ಷ ತೂಕ ಏರಿಸುವ ಯಾವುದನ್ನೂ ಹಾಕಿಸಬೇಡಿ. ಟೈರು, ಗಾಳಿ, ಹೂತರೆ ಹೊರಬರುವ ಸಲಕರಣೆ, ಈ ಮೂರಕ್ಕೆ ದುಡ್ಡು ಮೀಸಲಿಡಿ.

ದುಡ್ಡಿಲ್ಲದೆ ಆಗುವ ಕೆಲಸವೊಂದಿದೆ, ಅದು ಹದ ನೋಡುವುದು. ಎರಿ ಹೊಲದ ಚಕ್ಕಡಿ ದಾರಿ ಮಳೆ ನಿಂತ ಎರಡನೆಯ ದಿನ ಮೇಲೆ ಬಿಳಿಚಿಕೊಂಡು ಒಣಗಿದಂತೆ ಕಾಣುತ್ತದೆ, ಕೆಳಗೆ ಹಸಿ ಹಾಗೇ ಇರುತ್ತದೆ. ಗಾಡಿಯಿಂದ ಇಳಿದು ಸಲಿಕೆಯಿಂದ ನಾಲ್ಕೈದು ಇಂಚು ಕೆರೆದು, ಕೆಳಗಿನ ಮಣ್ಣನ್ನು ಅಂಗೈಯಲ್ಲಿಟ್ಟು ಹೊಸೆಯಿರಿ. ಮುರಿಯದೆ ಶಾವಿಗೆಯಂತೆ ತೆಳ್ಳಗೆ, ಸುಮಾರು 3 ಮಿಲಿಮೀಟರ್ ದಪ್ಪದ ಎಳೆಯಾದರೆ ಆ ದಾರಿಗೆ ಇಳಿಯಬೇಡಿ, ಯಾವ ಟೈರೂ ಕಾಯುವುದಿಲ್ಲ. ಎಳೆಯಾಗುವ ಮೊದಲೇ ಉದುರಿದರೆ ಹೋಗಬಹುದು.

ಅಂಗಡಿಗೆ ಹೋಗುವ ಮೊದಲು

ನಿಮ್ಮ ಗಾಡಿಗೆ ಕಂಪನಿ ಕೊಟ್ಟದ್ದೇನು ಎಂಬುದನ್ನು ಕೈಪಿಡಿಯಲ್ಲಿ ಓದಿ. 2023ರಿಂದ ಥಾರ್ ಹಿಂಗಾಲಿ ಡ್ರೈವ್ ಮಾದರಿಯಲ್ಲೂ ಬರುತ್ತಿದೆ. ಅದರಲ್ಲಿ ಫೋರ್ ಬೈ ಫೋರ್ ಇಲ್ಲ, ರಾಡಿಯಲ್ಲಿ ಅದರ ಮಿತಿ ಬೇಗ ಬರುತ್ತದೆ. ಫೋರ್ ಬೈ ಫೋರ್ ಥಾರ್‌ನ ನೆಲದೆತ್ತರ 226 ಮಿಲಿಮೀಟರ್, ನೀರಿನಲ್ಲಿ ಸಾಗುವ ಆಳ 650 ಮಿಲಿಮೀಟರ್ ಎಂದು ಕಂಪನಿಯ ಲೆಕ್ಕ. ಜಿಮ್ನಿಯ ನೆಲದೆತ್ತರ 210 ಮಿಲಿಮೀಟರ್, ತೂಕ ಮಾತ್ರ ಸುಮಾರು 1,200 ಕಿಲೊ. ಎರಿಯಲ್ಲಿ ಈ ಹಗುರತನವೇ ಅದರ ದೊಡ್ಡ ಬಲ. ಗೂರ್ಖಾದಲ್ಲಿ ಮುಂದೆ-ಹಿಂದೆ ಎರಡೂ ಆಕ್ಸಲ್‌ಗೆ ಡಿಫರೆನ್ಶಿಯಲ್ (ಎಡ-ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿನ ಗಡ್ಡೆ) ಲಾಕ್, ಕಂಪನಿಯದೇ ಸ್ನಾರ್ಕೆಲ್ (ಎಂಜಿನ್ನಿನ ಗಾಳಿಬಾಯಿ ಎತ್ತರಿಸುವ ಕೊಳವೆ) ಇದೆ. ಇದ್ದದ್ದನ್ನು ಮತ್ತೆ ಕೊಳ್ಳುವ ಅಗತ್ಯವಿಲ್ಲ.

ನೆಲದೆತ್ತರದ ವಿಷಯದಲ್ಲಿ ಒಂದು ಎಚ್ಚರಿಕೆ. ಹೊಲದ ದಾರಿಗಳಲ್ಲಿ ಗಾಲಿಯ ಹಾದಿ ಕೊರೆದಿರುವುದು ಟ್ರ್ಯಾಕ್ಟರು. ಅದರ ಹೊಟ್ಟೆ ಎತ್ತರ, ಹಿಂಗಾಲಿ ದೊಡ್ಡದು. ಆ ಹಾದಿಗೆ ನಿಮ್ಮ ಗಾಲಿ ಇಳಿದರೆ ನಡುವಿನ ದಿಬ್ಬಕ್ಕೆ ಡಿಫರೆನ್ಶಿಯಲ್ ಕುಳಿತು ನಾಲ್ಕೂ ಗಾಲಿ ಸುಮ್ಮನೆ ತಿರುಗುತ್ತವೆ. ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದರೂ ಹಿಂದಿನ ಆಕ್ಸಲ್‌ನ ಡಿಫರೆನ್ಶಿಯಲ್ ಮೇಲೇರುವುದಿಲ್ಲ, ಅದರ ಮೇಲಿನ ಬಾಡಿ ಏರುತ್ತದೆ. ಒಂದು ಗಾಲಿ ದಿಬ್ಬದ ಮೇಲೆ, ಇನ್ನೊಂದು ಹಾದಿಯ ಹೊರ ಅಂಚಿನ ಮೇಲೆ ಇಟ್ಟು ಓಡಿಸುವುದನ್ನು ಕಲಿತರೆ ಲಿಫ್ಟ್‌ನ ಮಾತೇ ಬರುವುದಿಲ್ಲ.

ಮೊದಲ ಸಾವಿರ ಕಿಲೊಮೀಟರ್ ಹೊರೆ ಎಳೆಯಬೇಡಿ, ಎಂಜಿನ್ ಒದರಿಸಬೇಡಿ. ಅಷ್ಟರಲ್ಲಿ ಸಡಿಲ ಗರಸಿನ ದಾರಿಯಲ್ಲಿ ಫೋರ್ ಹೈ (ನಾಲ್ಕೂ ಗಾಲಿಗೆ ಬಲ, ಸಾಮಾನ್ಯ ಗೇರು), ಫೋರ್ ಲೋ (ನಾಲ್ಕೂ ಗಾಲಿಗೆ ಬಲ, ನಿಧಾನದ ಗೇರು) ಹಾಕಿ ತೆಗೆಯುವುದು ಕೈಗೆ ಒಗ್ಗಲಿ. ಒಣ ಡಾಂಬರಿನ ಮೇಲೆ ಫೋರ್ ಹೈ ಬೇಡವೇ ಬೇಡ. ಈ ಗಾಡಿಗಳಲ್ಲಿ ನಡುವಿನ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ-ಹಿಂದಿನ ಗಾಲಿಗಳ ವೇಗದ ವ್ಯತ್ಯಾಸಕ್ಕೆ ದಾರಿ ಸಿಗದೆ ಶಾಫ್ಟು, ಗೇರು ಬಿಗಿದುಕೊಳ್ಳುತ್ತವೆ.

ಇನ್ನೊಂದು ಕೆಲಸ ತೂಕ ಹಾಕಿಸುವುದು. ಟ್ಯಾಂಕ್ ತುಂಬಿಸಿ, ಸಾಮಾನ್ಯವಾಗಿ ಬರುವ ಜನ, ಸಾಮಾನು ಕೂಡಿಸಿ ಯಾವುದಾದರೂ ವೇ ಬ್ರಿಡ್ಜ್‌ಗೆ ಒಯ್ಯಿರಿ. ಅಮರಗೋಳದ ಎಪಿಎಂಸಿಗೆ ಹೋಗುವ ಲಾರಿಗಳು ನಿಲ್ಲುವಂಥದ್ದೇ ಸಾಕು. ಮೊದಲು ಇಡೀ ಗಾಡಿ, ಆಮೇಲೆ ಮುಂಗಾಲಿ ಮಾತ್ರ ತಟ್ಟೆಯ ಮೇಲೆ. ಚಾಸಿಯ ಫಲಕದಲ್ಲಿ ಬರೆದ ಗರಿಷ್ಠ ತೂಕದಿಂದ ಇಡೀ ಗಾಡಿಯ ತೂಕ ಕಳೆದರೆ ಉಳಿಯುವುದೇ ನಿಮ್ಮ ತೂಕದ ಬಜೆಟ್. ಉಕ್ಕಿನ ಮುಂಬಂಪರ್ 40ರಿಂದ 60 ಕಿಲೊ, ವಿಂಚ್ 30ರ ಮೇಲೆ. ಇವೆರಡೂ ಮುಂದಿನ ಆಕ್ಸಲ್‌ಗಿಂತ ಮುಂದೆ ತೂಗುತ್ತವೆ. ನಾಲ್ಕು ಜನ ಕೂತ ಗಾಡಿಯಲ್ಲಿ ಎಷ್ಟು ಕಡಿಮೆ ಉಳಿದಿರುತ್ತದೆಂದು ನೋಡಿದ ಮೇಲೆ ಪಟ್ಟಿ ತಾನೇ ಸಣ್ಣದಾಗುತ್ತದೆ.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಹೇಳುತ್ತದೆ. ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಪೆಟ್ಟು ಹೀರುವ ಮುಂಭಾಗದ ಲೆಕ್ಕವನ್ನೇ ಕೆಡಿಸುವ ವಸ್ತು ಅದು, ಪಾದಚಾರಿಗೂ ಅಪಾಯ. ಅನುಮಾನವಿದ್ದರೆ ನಿಮ್ಮ ಆರ್‌ಟಿಒದಲ್ಲಿ ಕೆಲಸಕ್ಕೆ ಮೊದಲೇ ಲಿಖಿತವಾಗಿ ಕೇಳಿ: ಧಾರವಾಡ ಕೆಎ-25, ಗದಗ ಕೆಎ-26, ಹಾವೇರಿ ಕೆಎ-27, ಹುಬ್ಬಳ್ಳಿ ಕೆಎ-63.

ವಿಮೆ ಕಂಪನಿಗೆ ತಿಳಿಸದ ಪರಿಕರಕ್ಕೆ ಪರಿಹಾರ ಬರುವುದಿಲ್ಲ. ಎಂಜಿನ್‌ಗೆ ನೀರು ಹೊಕ್ಕು ಆಗುವ ಹಾನಿಗೆ ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಬೇರೆ ಬೇಕು. ಮೊದಲ ಪಾಲಿಸಿಯಲ್ಲೇ ಕೇಳಿ ಹಾಕಿಸಿ.

ಟೈರು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಇದು. ಗಾಡಿಯೊಂದಿಗೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್-ಟೆರೇನ್ ಟೈರು ಬಂದಿದ್ದರೆ ಅದು ಸವೆಯುವವರೆಗೂ ಓಡಿಸಿ. ಹೈವೇ ಟೈರು ಬಂದಿದ್ದರೆ, ಎರಡು-ಮೂರು ಸಾವಿರ ಕಿಲೊಮೀಟರ್ ಆಗುವುದರೊಳಗೆ ಮಾರಿ ಬದಲಿಸಿದರೆ ಒಳ್ಳೆಯ ಬೆಲೆ ಬರುತ್ತದೆ. ರಾಡಿಗೆಂದೇ ಮಾಡಿದ ಮಡ್-ಟೆರೇನ್ ಟೈರಿನ ಆಸೆ ಬೇಡ. ಅದರ ಹಲ್ಲುಗಳ ಸಂದಿ ಅಗಲವಾಗಿದ್ದು ರಾಡಿ ಕೊಡವುತ್ತದೆ ನಿಜ, ಆದರೆ ಈ ಕಡೆಯ ಗಾಡಿ ಹತ್ತರಲ್ಲಿ ಒಂಬತ್ತು ಪಾಲು ಡಾಂಬರಿನ ಮೇಲೆಯೇ ಓಡುತ್ತದೆ. ಒದ್ದೆ ಡಾಂಬರಿನಲ್ಲಿ ಮಡ್-ಟೆರೇನ್ ನಿಲ್ಲುವ ದೂರ ಹೆಚ್ಚು, ಸದ್ದು ಹೆಚ್ಚು, ಮೈಲೇಜ್ ಕಡಿಮೆ. ಮೇಲಾಗಿ ಹಸಿ ಎರಿ ಅದನ್ನೂ ಬೋಳು ಮಾಡುತ್ತದೆ.

ಅಳತೆ ಕಂಪನಿಯದ್ದೇ ಇರಲಿ. ದೊಡ್ಡದು ಬೇಕೆನಿಸಿದರೆ ಲೆಕ್ಕ ಹೀಗೆ ಹಾಕಿ: 255/65 ಆರ್18 ಟೈರಿನ ವ್ಯಾಸಕ್ಕೆ ರಿಮ್ 18ನ್ನು 25.4ರಿಂದ ಗುಣಿಸಿ, 457 ಮಿಲಿಮೀಟರ್. ಪಕ್ಕದ ಗೋಡೆ 255ರ ಶೇಕಡಾ 65, ಅದು ಎರಡು ಸಲ, 332. ಒಟ್ಟು 789. ಅದೇ ರಿಮ್ಮಿಗೆ 265/65 ಹಾಕಿದರೆ 802 ಆಗುತ್ತದೆ. ವ್ಯಾಸ 13 ಹೆಚ್ಚಿದರೂ ನೆಲದೆತ್ತರ ಹೆಚ್ಚುವುದು ಅದರ ಅರ್ಧ, ಆರೂವರೆ ಮಿಲಿಮೀಟರ್. ಅಷ್ಟಕ್ಕಾಗಿ ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಒಳಗೆ ಉಜ್ಜುವ ಅಪಾಯ ತಂದುಕೊಳ್ಳುತ್ತೀರಿ, ರಾಡಿಗೆ ಇದ್ದ ಜಾಗವೂ ಕಿರಿದಾಗುತ್ತದೆ. ಎರಿಯಲ್ಲಿ ಗಾಲಿಗೂ ಗೂಡಿಗೂ ನಡುವೆ ಇರುವ ಸಂದು ಬೆಲೆಬಾಳುವಂಥದ್ದು.

ಕೊಳ್ಳುವಾಗ ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ತೂಕ ಸೂಚಿಸುವ ಅಂಕಿ) ಮೂಲ ಟೈರಿಗಿಂತ ಕಡಿಮೆ ಇರಬಾರದು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ತಯಾರಿಯ ದಿನ ಹೇಳುತ್ತವೆ: 2325 ಎಂದರೆ 2025ರ 23ನೇ ವಾರ. ವರ್ಷಕ್ಕಿಂತ ಹಳೆಯದಿದ್ದರೆ ಬೇರೆ ಕೇಳಿ. ನಾಲ್ಕಲ್ಲ, ಐದು ಕೊಳ್ಳಿ. ಸ್ಟೆಪ್ನಿಯ ವ್ಯಾಸ ಬೇರೆಯಿದ್ದರೆ ಅದನ್ನು ಹಾಕಿಕೊಂಡು ಫೋರ್ ಹೈನಲ್ಲಿ ಓಡಿಸುವಂತಿಲ್ಲ. ಹಾಕಿಸಿದ ಮೇಲೆ 50ರಿಂದ 100 ಕಿಲೊಮೀಟರ್ ಓಡಿಸಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಮತ್ತೆ ಬಿಗಿಸಿ.

ಟೈರಿನ ನಿಜವಾದ ವೈರಿ ಈ ಕಡೆ ಕಲ್ಲಿಗಿಂತ ಕೂಳೆ. ಹತ್ತಿ, ತೊಗರಿ ಗಿಡವನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕಟ್ಟಿಗೆ ಒಣಗಿ ಗೂಟದಷ್ಟು ಗಟ್ಟಿಯಾಗುತ್ತದೆ. ಅದು ಚುಚ್ಚುವುದು ಪಕ್ಕದ ಗೋಡೆಗೆ, ಅಲ್ಲಿ ಪಂಕ್ಚರ್ ಹಾಕಲು ಬರುವುದಿಲ್ಲ. ಹೊಲದೊಳಗೆ ಗಾಡಿ ಇಳಿಸದಿರಲು ಇದೂ ಒಂದು ಕಾರಣ. ಮುಖ್ಯ ಕಾರಣ ಬೇರೆ: ಅದು ಒಬ್ಬರ ಬದುಕು, ಒಮ್ಮೆ ಒಡೆದ ಬದು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ.

ಗಾಳಿ

ಗೇಜ್, ಕಂಪ್ರೆಸರ್, ಪಂಕ್ಚರ್ ಕಿಟ್ ಮೂರೂ ಟೈರಿಗಿಂತ ಮೊದಲೇ ಬರಲಿ. ಗೇಜ್ 0-60 ಪಿಎಸ್‌ಐ ಅಳತೆಯದ್ದು ಸಾಕು, ಇನ್ನೊಂದು ಒಳ್ಳೆಯ ಗೇಜಿನೊಡನೆ ಹೋಲಿಸಿ ಪರೀಕ್ಷಿಸಿಕೊಳ್ಳಿ. ಡಾಂಬರಿನಲ್ಲಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟು ಗಾಳಿ. ಗರಸು, ಕಲ್ಲಿನ ದಾರಿಗೆ 24-26 ಪಿಎಸ್‌ಐ, ಕೆಂಪು ರಾಡಿಗೆ 20ರ ಆಸುಪಾಸು, ಹಸಿ ಎರಿಯಲ್ಲಿ ಸಿಕ್ಕಿಕೊಂಡಾಗ 18. 15ಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. 20ಕ್ಕಿಂತ ಕಡಿಮೆ ಇದ್ದಾಗ ವೇಗ ಗಂಟೆಗೆ 30 ಕಿಲೊಮೀಟರ್ ದಾಟದಿರಲಿ. ಡಾಂಬರು ಮುಟ್ಟಿದ ಕೂಡಲೇ ತುಂಬಿಸಿ. ‘ಊರು ಹತ್ತು ಕಿಲೊಮೀಟರ್ ಅಷ್ಟೇ’ ಎಂದು ಹಾಗೇ ಓಡಿಸಿದರೆ ಟೈರಿನ ಒಳಗೋಡೆ ಬಿಸಿಯಾಗಿ ಹಾಳಾಗುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ.

ಸಿಗರೇಟ್ ಸಾಕೆಟ್‌ಗೆ ಚುಚ್ಚುವ ಸಣ್ಣ ಕಂಪ್ರೆಸರ್ ಒಂದು ಟೈರಿಗೆ ಸರಿ, ನಾಲ್ಕಕ್ಕೆ ಸಾಲದು. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10-15 ಆಂಪಿಯರ್. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವ, ತನ್ನದೇ ಫ್ಯೂಸ್ ಇರುವ ಕಂಪ್ರೆಸರ್ ಕೊಳ್ಳಿ. ಎಂಜಿನ್ ಚಾಲೂ ಇರಲಿ, ಎರಡು ಟೈರು ಆದ ಮೇಲೆ ಹತ್ತು ನಿಮಿಷ ಆರಲು ಬಿಡಿ.

ಜಾಲಿ ಮುಳ್ಳಿನ ಪಂಕ್ಚರ್‌ಗೆ ಕ್ರಮ ಹೀಗಿದೆ. ಸೋಪಿನ ನೀರು ಸುರಿದು ಗುಳ್ಳೆ ಬರುವ ಜಾಗ ಹುಡುಕಿ, ಸೀಮೆಸುಣ್ಣದಿಂದ ಗುರುತು ಹಾಕಿ. ಮುಳ್ಳು ಹೋದ ಓರೆ ನೋಡಿಕೊಂಡು ಇಕ್ಕಳದಿಂದ ಕೀಳಿ. ಅದೇ ಓರೆಯಲ್ಲಿ ರೀಮರನ್ನು (ಕಿಟ್‌ನಲ್ಲಿರುವ ಅರದಂಥ ಕಡ್ಡಿ) ಐದಾರು ಸಲ ಒಳಹೊರಗೆ ಆಡಿಸಿ. ಬಹಳ ಜನ ಇಲ್ಲಿ ಅವಸರ ಮಾಡುತ್ತಾರೆ. ತೂತು ಒರಟಾಗದಿದ್ದರೆ ಬತ್ತಿ ಹಿಡಿಯುವುದಿಲ್ಲ. ಬತ್ತಿಯನ್ನು ಸೂಜಿಯ ಕಣ್ಣಿನಲ್ಲಿ ನಡುವಿಗೆ ಬರುವಂತೆ ಪೋಣಿಸಿ, ಸಲ್ಯೂಷನ್ ಹಚ್ಚಿ, ಎರಡೂ ತುದಿ ಅರ್ಧ ಇಂಚು ಹೊರಗುಳಿಯುವಂತೆ ಒತ್ತಿ, ತಿರುಚದೆ ಒಮ್ಮೆಲೇ ಸೂಜಿ ಎಳೆಯಿರಿ. ಗಾಳಿ ತುಂಬಿಸಿ ಮತ್ತೆ ಸೋಪಿನ ನೀರು ಹಾಕಿ ನೋಡಿ. ಒಂದೇ ಮುಳ್ಳಿನ ಕೊಂಬೆ ಮೂರು ತೂತು ಮಾಡಿರುವುದು ಸಾಮಾನ್ಯ, ಇಡೀ ಟೈರು ಸುತ್ತಿ ನೋಡಿ.

ಹೂತಾಗ

ಗಾಡಿಯ ಮುಂದೆ-ಹಿಂದೆ ಎಳೆಯುವ ಕೊಕ್ಕೆ ಚಾಸಿಗೆ ಬೋಲ್ಟ್ ಆಗಿದೆಯೇ ಎಂದು ಕೆಳಗೆ ಮಲಗಿ ನೋಡಿ. ಬಂಪರಿನ ಮುಚ್ಚಳ ತೆಗೆದು ತಿರುಪುವ ಕಣ್ಣು ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ಎಳೆಯಲು ಮಾತ್ರ. ಟ್ರೇಲರ್ ಎಳೆಯುವ ಉಕ್ಕಿನ ಉಂಡೆಗೆ (ಟೋ ಬಾಲ್) ಹಗ್ಗ ಎಂದೂ ಹಾಕಬಾರದು. ಅದು ಮುರಿದರೆ ಗುಂಡಿನಂತೆ ಹಾರಿ ಜನರನ್ನು ಕೊಲ್ಲುತ್ತದೆ.

ಕೊಳ್ಳಬೇಕಾದದ್ದು ಇಷ್ಟು: 9 ಮೀಟರಿನ, 19 ಮಿಲಿಮೀಟರ್ ದಪ್ಪದ, ಕನಿಷ್ಠ 8 ಟನ್ ತಡೆಯುವ ಕೈನೆಟಿಕ್, ಅಂದರೆ ಹಿಗ್ಗುವ ಹಗ್ಗ. 4.75 ಟನ್ ಎಂದು ಅಚ್ಚಾದ ಎರಡು ಬೋ ಶ್ಯಾಕಲ್ (ಹಗ್ಗವನ್ನು ಕೊಕ್ಕೆಗೆ ಜೋಡಿಸುವ, ಪಿನ್ ಇರುವ ಉಕ್ಕಿನ ಕೊಂಡಿ). ಒಂದು ಗಟ್ಟಿ ಸಲಿಕೆ, ಗಾಲಿಗೆ ಹಿಡಿತ ಸಿಗಲು ಕೆಳಗಿಡುವ ಟ್ರ್ಯಾಕ್ಷನ್ ಬೋರ್ಡ್ ಒಂದು ಜೊತೆ, ಚರ್ಮದ ಕೈಗವಸು. ಜಾಕ್ ಕೆಳಗಿಡಲು ಒಂದು ಅಡಿ ಚೌಕದ, 18 ಮಿಲಿಮೀಟರ್ ಪ್ಲೈವುಡ್ ಎರಡು ಪದರ. ಹಲಗೆ ಇಲ್ಲದಿದ್ದರೆ ಎರಿಯಲ್ಲಿ ಗಾಡಿ ಏರುವುದಿಲ್ಲ, ಜಾಕ್ ಇಳಿಯುತ್ತದೆ. ಶ್ಯಾಕಲ್‌ನ ಪಿನ್ ಪೂರ್ತಿ ತಿರುಪಿ ಕಾಲು ಸುತ್ತು ಹಿಂದೆ ಬಿಡಿ, ಇಲ್ಲದಿದ್ದರೆ ಭಾರ ಬಿದ್ದ ಮೇಲೆ ಬಿಚ್ಚಲು ಬರುವುದಿಲ್ಲ. ವಿಂಚ್ ಈಗ ಬೇಡ. ಬಯಲು ಸೀಮೆಯಲ್ಲಿ ಕಟ್ಟಲು ಮರವೇ ಸಿಗದ ದಾರಿಗಳು ಬೇಕಾದಷ್ಟಿವೆ.

ಗಾಲಿ ಒಮ್ಮೆ ಸುಮ್ಮನೆ ತಿರುಗಿತೆಂದರೆ ಆಕ್ಸಲರೇಟರ್ ಬಿಡಿ. ಮತ್ತೆ ಒತ್ತಿದರೆ ಆಳ ಹೆಚ್ಚುತ್ತದೆ, ಬೇರೇನೂ ಆಗುವುದಿಲ್ಲ. ಎಲ್ಲರೂ ಇಳಿಯಲಿ, ಗಾಳಿ 18ಕ್ಕೆ ತನ್ನಿ, ಡಿಫರೆನ್ಶಿಯಲ್ ಕೆಳಗಿನ ಮಣ್ಣು ತೆಗೆಯಿರಿ, ನಾಲ್ಕೂ ಗಾಲಿಯ ಹಿಂದೆ ಇಳಿಜಾರು ಮಾಡಿ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಅಲ್ಲಿ ನೆಲ ಗಟ್ಟಿಯಿತ್ತೆಂದು ಆಗಲೇ ಗೊತ್ತು.

ಈ ಕಡೆ ಕೊನೆಗೆ ಕೈಹಿಡಿಯುವುದು ಟ್ರ್ಯಾಕ್ಟರು. ಅಣ್ಣಾರು ಪ್ರೀತಿಯಿಂದ ಬರುತ್ತಾರೆ, ಕಬ್ಬಿಣದ ಸರಪಳಿ ತರುತ್ತಾರೆ, ಜಗ್ಗುವುದು ಮಾತ್ರ ಒಮ್ಮೆಲೇ. ಸರಪಳಿಗೆ ಹಿಗ್ಗುವ ಗುಣ ಇಲ್ಲ, ಜೋಲು ಬಿಟ್ಟು ಜಗ್ಗಿದರೆ ಕೊಂಡಿ ಹರಿದು ಹಾರುತ್ತದೆ. ನಿಮ್ಮ ಹಗ್ಗ ಕೊಡಿ. ‘ಅಣ್ಣಾ, ಮೊದಲ ಗೇರಿನಾಗ ಸಾವಕಾಶ ಜಗ್ಗರಿ, ಜೋಲು ತೀರಿದ ಮ್ಯಾಲೆ ಎಳೀರಿ’ ಎಂದು ಮೊದಲೇ ಹೇಳಿ. ಹಗ್ಗ ಟ್ರ್ಯಾಕ್ಟರಿನ ಕೆಳಗಿನ ಡ್ರಾಬಾರಿಗೇ ಬೀಳಬೇಕು. ಮೇಲಿನ ಟಾಪ್ ಲಿಂಕ್ ಕಡೆ ಕಟ್ಟಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚಿ ಓಡಿಸುವವರ ಮೇಲೆ ಬೀಳುತ್ತದೆ. ಹಗ್ಗದ ನಡುವೆ ಹಳೆಯ ಕಂಬಳಿ ಹೊದಿಸಿ. ನೋಡಲು ಬಂದ ಮಕ್ಕಳು, ಹಿರಿಯರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲುವವರೆಗೆ ಯಾರೂ ಜಗ್ಗಬಾರದು.

ನೀರು, ಬೆಳಕು, ತಳ

ಬೆಣ್ಣಿಹಳ್ಳದಂಥ ಹಳ್ಳಗಳು ನವಲಗುಂದದಲ್ಲಿ ಮೋಡವಿಲ್ಲದಿದ್ದರೂ ಮೇಲೆ ಶಿಗ್ಗಾಂವಿ ಕಡೆ ಮಳೆಯಾದರೆ ಏರುತ್ತವೆ. ಕೆಂಪಗೆ ಹರಿಯುವ ನೀರಿಗೆ ಗಾಡಿ ಇಳಿಸಬೇಡಿ, ಸ್ನಾರ್ಕೆಲ್ ಇದ್ದರೂ ಸರಿಯೇ. ಸ್ನಾರ್ಕೆಲ್ ಎಂಜಿನ್ನಿನ ಉಸಿರನ್ನಷ್ಟೇ ಎತ್ತರಿಸುತ್ತದೆ, ಹರಿವಿನಲ್ಲಿ ಗಾಡಿ ತೇಲುವುದನ್ನು ತಡೆಯುವುದಿಲ್ಲ. ನಿಂತ ನೀರಾದರೆ ಕೋಲು ಹಿಡಿದು ನಡೆದು ನೋಡಿ, ಅರ್ಧ ಗಾಲಿಗಿಂತ ಹೆಚ್ಚಿದ್ದರೆ ಬಿಡಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ದಾಟಿದ ವಾರದಲ್ಲಿ ಡಿಫರೆನ್ಶಿಯಲ್ ಆಯಿಲ್ ನೋಡಿಸಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಿಸಬೇಕು. ಸ್ನಾರ್ಕೆಲ್‌ಗಿಂತ ಮೊದಲು ಆಕ್ಸಲ್ ಬ್ರೀದರ್ ಪೈಪುಗಳನ್ನು (ಆಕ್ಸಲ್ ಒಳಗಿನ ಗಾಳಿ ಆಡುವ ಸಣ್ಣ ಕೊಳವೆ) ಎಂಜಿನ್ ಕೋಣೆಯ ಎತ್ತರಕ್ಕೆ ಏರಿಸುವುದು ಹೆಚ್ಚು ಉಪಯುಕ್ತ, ಖರ್ಚೂ ಕಡಿಮೆ.

ಹೆಚ್ಚುವರಿ ದೀಪ ಸಾರ್ವಜನಿಕ ರಸ್ತೆಯಲ್ಲಿ ಉರಿಸುವಂತಿಲ್ಲ, ಮುಚ್ಚಳ ಹಾಕಿರಬೇಕು. ಹಾಕಿಸುವುದಾದರೆ ತಂತಿ ಸರಿಯಿರಲಿ. 60 ವಾಟ್‌ನ ಎರಡು ದೀಪಕ್ಕೆ 12 ವೋಲ್ಟಿನಲ್ಲಿ 10 ಆಂಪಿಯರ್. 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 15 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ರಿಲೇಯ 30ನೇ ಪಿನ್ನಿಗೆ ಫ್ಯೂಸ್ ಮೂಲಕ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಸ್ವಿಚ್, 85ಕ್ಕೆ ಅರ್ಥ್. ಹೆಡ್‌ಲೈಟ್ ತಂತಿಯನ್ನು ಸೀಳಿ ಜೋಡಿಸಿ ಕೊಡುತ್ತೇನೆನ್ನುವವರಿಗೆ ಬೇಡ ಅನ್ನಿ. ವಾರಂಟಿ ಹೋಗುತ್ತದೆ, ಬೆಂಕಿಯ ಭಯವೂ ಇದೆ. ಒಂದು ಕಿಲೊದ ಎಬಿಸಿ ಅಗ್ನಿಶಾಮಕವನ್ನು ಚಾಲಕನ ಕೈಗೆಟುಕುವಲ್ಲಿ ಬಿಗಿಸಿ.

ತಳದ ರಕ್ಷಣಾ ತಗಡು ಕಲ್ಲಿನ ದಾರಿಗೆ ಬೇಕು. ಎರಿಯಲ್ಲೇ ಓಡಾಡುವವರಿಗೆ ಅದು ಮಣ್ಣು ಹಿಡಿದಿಡುವ ತಟ್ಟೆಯಾಗುತ್ತದೆ. ಹಾಕಿಸಿದರೆ ನೀರು ಇಳಿಯುವ ತೂತು, ಆಯಿಲ್ ಬಿಡುವ ಬಾಯಿ ಇರುವಂಥದ್ದನ್ನೇ ನೋಡಿ. ಕಲ್ಲಿನ ದಾರಿ ಎಂದು ಕಪ್ಪತಗುಡ್ಡಕ್ಕೆ ನುಗ್ಗುವ ಯೋಚನೆ ಬೇಡ. 2019ರಿಂದ ಅದು ವನ್ಯಜೀವಿ ಧಾಮ.

ಖರ್ಚಿನ ಸರದಿ ಹೀಗಿರಲಿ. ಮೊದಲ ತಿಂಗಳು ಗೇಜ್, ಕಂಪ್ರೆಸರ್, ಪಂಕ್ಚರ್ ಕಿಟ್, ಸಲಿಕೆ. ಮೊದಲ ಸರ್ವಿಸ್ ಆದ ಮೇಲೆ ಹಗ್ಗ, ಶ್ಯಾಕಲ್, ಬೋರ್ಡ್. ಮುಂಗಾರಿಗೆ ಮೊದಲು ಟೈರು. ಬ್ರೀದರ್, ತಳದ ತಗಡು ಒಂದು ಮಳೆಗಾಲ ಓಡಿಸಿ ನೋಡಿದ ಮೇಲೆ.

ರಾಡಿಯಿಂದ ಬಂದ ದಿನವೇ ತೊಳೆಯಿರಿ. ಎರಿ ಒಂದು ರಾತ್ರಿ ಒಣಗಿದರೆ ಇಟ್ಟಂಗಿಯಾಗುತ್ತದೆ, ಪ್ರೆಶರ್ ವಾಷರಿಗೂ ಜಗ್ಗುವುದಿಲ್ಲ. ರೇಡಿಯೇಟರಿನ ಜಾಲರಿಗೆ ಮಾತ್ರ ಕಡಿಮೆ ಒತ್ತಡದಲ್ಲಿ ನೀರು ಬಿಡಿ, ಇಲ್ಲದಿದ್ದರೆ ಅದರ ಎಲೆಗಳು ಮಡಚಿಹೋಗುತ್ತವೆ. ರಿಮ್ಮಿನ ಒಳಮೈಯನ್ನು ಕೈ ಹಾಕಿ ಉಜ್ಜಿ. ಮರುದಿನ ಹೆದ್ದಾರಿಯಲ್ಲಿ 80ರ ವೇಗಕ್ಕೆ ಸ್ಟಿಯರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮೊದಲು ಗಾಲಿ ಬಿಚ್ಚಿ ನೋಡಿ. ಹೆಚ್ಚಿನ ಸಲ ರಿಮ್ಮಿನ ಒಳಗೆ ಒಂದೇ ಕಡೆ ಅರ್ಧ ಕಿಲೊ ಒಣಮಣ್ಣು ಅಂಟಿರುತ್ತದೆ.